ಚಿಟ್ಟೆ ರೆಕ್ಕೆಯ ಪುಡಿ, ಹಲ್ಲಿಯ ಹುರುಪೆ, ಹಕ್ಕಿಯ ಗರಿ: ಇವೆಲ್ಲ ಒಂದೇ ಮೂಲದವಾ?

ಹಸಿರೆಲೆ:

ಪ್ರಾಣಿಶಾಸ್ತ್ರ ಓದಿದವರು, ಕೀಟಗಳ ಮೇಲೆ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಚಿಟ್ಟೆಗಳ ಬದುಕಿನ ಬಗ್ಗೆ ಒಂದು ಚಿಕ್ಕ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಯಾವ ಚಿಟ್ಟೆ ಯಾವ ಗಿಡದ ಮೇಲೆ ಮೊಟ್ಟೆ ಇಡುತ್ತದೆ, ಯಾವ ಕಾಲದಲ್ಲಿ ಜಾಸ್ತಿ ಕಾಣಿಸುತ್ತದೆ, ಇಂಥವು. ಅದಕ್ಕೆ ಅಂತ ಓದಲು ಕೂತರೆ ಅರ್ಧಕ್ಕರ್ಧ ಲೇಖನಗಳು ರೆಕ್ಕೆಯ ಹುರುಪೆ, ಜೀವಕೋಶ, ಜೀನ್ ಅಂತಲೇ ಮಾತಾಡುತ್ತವೆ. ಅದರಲ್ಲೂ ಕೆಲವು ಅಲ್ಲಿಂದ ನೇರವಾಗಿ ಇಲಿಯ ಕೂದಲಿಗೋ ಮೊಸಳೆಯ ಚರ್ಮಕ್ಕೋ ಹಾರುತ್ತವೆ. ಸಂಬಂಧ ಏನು ಅಂತ ಗೊತ್ತಾಗುತ್ತಿಲ್ಲ.

ಮೈಕ್ರೋಸ್ಕೋಪಿನಲ್ಲಿ ಒಂದು ಸತ್ತ ಚಿಟ್ಟೆಯ ರೆಕ್ಕೆ ನೋಡಿದೆ. ನಾವು ಪುಡಿ ಅಂದುಕೊಳ್ಳುವುದು ಪುಡಿಯೇ ಅಲ್ಲ, ಸಾಲು ಸಾಲಾಗಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತ ತೆಳು ಹಾಳೆಗಳು. ಪ್ರತಿಯೊಂದಕ್ಕೂ ಒಂದು ಚಿಕ್ಕ ಕಾಲು, ಆ ಕಾಲು ರೆಕ್ಕೆಯ ಒಂದು ಗುಳಿಯಲ್ಲಿ ಸಿಕ್ಕಿಸಿಕೊಂಡಿದೆ. ಇನ್ನೊಂದು ಗಮನಿಸಿದೆ, ಒಂದು ಹಾಳೆಗೆ ಒಂದೇ ಬಣ್ಣ. ಅರ್ಧ ಕಪ್ಪು ಅರ್ಧ ಹಳದಿ ಅನ್ನುವಂಥದ್ದು ಒಂದೂ ಸಿಗಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಇದು ಹಲ್ಲಿ, ಹಾವಿನ ಹುರುಪೆ ಇದ್ದ ಹಾಗೇನಾ? ಗರಿ, ಕೂದಲು ಕೂಡ ಇದರ ನೆಂಟರಾ? ಯಾವ ಹುರುಪೆ ಯಾವ ಬಣ್ಣ ಆಗಬೇಕು ಅಂತ ಹೇಗೆ ತೀರ್ಮಾನ ಆಗುತ್ತದೆ? ಕೊನೆಗೆ ಮುಖ್ಯವಾದದ್ದು: ಹೊರಗೆ ಓಡಾಡಿ ಚಿಟ್ಟೆ ನೋಡುವವರಿಗೆ ಈ ಚರ್ಮದ ಕಥೆ ನಿಜವಾಗಿ ಬೇಕಾ? ಎರಡೂ ಬೇರೆ ಬೇರೆ ವಿಷಯ, ಒಂದನ್ನು ಹಿಡಿದುಕೋ ಅಂತ ಒಬ್ಬರು ಹೇಳಿದರು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಬಿರುಗೂದಲು:

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಕೀಟದ ಮೈಯ ರಚನೆ ನನ್ನ ಇಷ್ಟದ ವಿಷಯ.

ಚಿಟ್ಟೆಯ ಹುರುಪೆ ಅಂದರೆ ರೂಪ ಬದಲಿಸಿದ ಒಂದು ಬಿರುಗೂದಲು. ನೊಣದ ಬೆನ್ನ ಮೇಲೆ ನೆಟ್ಟಗೆ ನಿಂತ ಗಡುಸು ಕೂದಲು ನೋಡಿರುತ್ತೀರಿ ಅಲ್ವಾ, ಅದು ಬರೀ ಕೂದಲಲ್ಲ, ಮುಟ್ಟಿದ್ದು ಗೊತ್ತಾಗುವ ಅಂಗ. ಒಂದು ತಾಯಿಕೋಶ ಒಡೆದು ಒಡೆದು ನಾಲ್ಕು ಬಗೆಯ ಕೋಶ ಆಗುತ್ತದೆ. ಒಂದು ಕೂದಲನ್ನು ಬೆಳೆಸುತ್ತದೆ, ಒಂದು ಅದರ ಬುಡದ ಗುಳಿ ಕಟ್ಟುತ್ತದೆ, ಒಂದು ನರಕೋಶ, ಇನ್ನೊಂದು ಆ ನರಕೋಶಕ್ಕೆ ಹೊದಿಕೆ. ಚಿಟ್ಟೆಯ ರೆಕ್ಕೆಯಲ್ಲಿ ಇದೇ ಆಟ ಶುರುವಾಗುತ್ತದೆ, ಆದರೆ ಮಧ್ಯದಲ್ಲಿ ದಾರಿ ಬದಲಾಗುತ್ತದೆ. ತಾಯಿಕೋಶ ಎರಡಾಗಿ ಒಡೆಯುತ್ತದೆ. ಒಳಗಿನ ಮಗಳು ಸಾಯುತ್ತಾಳೆ. ಹೊರಗಿನವಳು ಮತ್ತೆ ಎರಡಾಗುತ್ತಾಳೆ, ಅದರಲ್ಲಿ ಒಬ್ಬಳು ಹುರುಪೆ, ಇನ್ನೊಬ್ಬಳು ಗುಳಿ. ನರದ ಪಾಲು ಹೋಯಿತು, ಕೂದಲಿನ ಪಾಲು ಅಗಲವಾಗಿ ಚಪ್ಪಟೆಯಾಯಿತು. ನೀವು ನೋಡಿದ ಕಾಲು ಮತ್ತು ಗುಳಿ ಈ ಅಕ್ಕ-ತಂಗಿ ಕೋಶಗಳದ್ದೇ.

ಇದು ಸುಮ್ನೆ ಹೋಲಿಕೆ ನೋಡಿ ಹೇಳಿದ ಮಾತಲ್ಲ. ನೊಣದಲ್ಲಿ ಬಿರುಗೂದಲು ಎಲ್ಲಿ ಹುಟ್ಟಬೇಕು ಅಂತ ಹೇಳುವ ಅಕೀಟ್-ಸ್ಕ್ಯೂಟ್ ಅನ್ನುವ ಜೀನ್ ಗುಂಪು ಇದೆ. ಅದರ ನೆಂಟ ಜೀನ್ ಚಿಟ್ಟೆಯಲ್ಲಿ ಹುರುಪೆಯ ತಾಯಿಕೋಶಗಳಲ್ಲೇ ಕೆಲಸ ಮಾಡುವುದನ್ನು 1998ರಲ್ಲಿ ತೋರಿಸಿದರು. ಹಳೆಯ ಅಂಗರಚನೆಯವರು ಬರೀ ರೂಪ ನೋಡಿ ಮಾಡಿದ್ದ ಊಹೆಗೆ ಜೀನ್ ಮಟ್ಟದಲ್ಲಿ ಸಾಕ್ಷಿ ಸಿಕ್ಕಿತು. ನನಗಂತೂ ಇಡೀ ಕೀಟಶಾಸ್ತ್ರದಲ್ಲಿ ತುಂಬಾ ಖುಷಿ ಕೊಡುವ ಸಂಗತಿಗಳಲ್ಲಿ ಇದು ಒಂದು.

ಇದೆಲ್ಲ ನಡೆಯುವುದು ಪ್ಯೂಪಾದ ಒಳಗೆ, ಅಂದರೆ ಮರಿಹುಳು ಚಿಟ್ಟೆಯಾಗುವ ನಡುವಿನ ಹಂತದಲ್ಲಿ, ಅದರ ಮೊದಮೊದಲ ದಿನಗಳಲ್ಲಿ. ಹುರುಪೆಯಾಗುವ ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುತ್ತಲೇ ಹೋಗುತ್ತದೆ, ಆದರೆ ಒಡೆಯುವುದಿಲ್ಲ, ಹಾಗಾಗಿ ಸುತ್ತಲಿನ ಕೋಶಗಳಿಗಿಂತ ದೊಡ್ಡದಾಗುತ್ತದೆ. ಆಮೇಲೆ ರೆಕ್ಕೆಯ ಮೇಲ್ಮೈಯಿಂದ ಒಂದು ಮೊಳಕೆ ಹೊರಗೆ ಚಾಚುತ್ತದೆ, ಅದರೊಳಗೆ ಆಕ್ಟಿನ್ ಅನ್ನುವ ಪ್ರೋಟೀನ್ ಎಳೆಗಳ ಕಟ್ಟುಗಳು ಉದ್ದಕ್ಕೆ ನಿಲ್ಲುತ್ತವೆ, ಆ ಕಟ್ಟುಗಳ ನಡುವಿನ ಜಾಗದಲ್ಲಿ ಹೊರಗಿನ ಕೈಟಿನ್ ಅನ್ನುವ ಗಡುಸು ವಸ್ತುವಿನ ಪದರ ಉಬ್ಬಿ ಏಣು ಏಣಾಗುತ್ತದೆ. ಲೆನ್ಸ್ ಇನ್ನೂ ಚೆನ್ನಾಗಿದ್ದರೆ ಹುರುಪೆಯ ಮೇಲೆ ಉದ್ದುದ್ದ ಗೆರೆ ಕಾಣಿಸುತ್ತವೆ, ಅವೇ ಈ ಏಣುಗಳು. ಪೇಂಟೆಡ್ ಲೇಡಿ ಚಿಟ್ಟೆಯ ಪ್ಯೂಪಾಗೆ ಚಿಕ್ಕ ಕಿಟಕಿ ಮಾಡಿ, ಹುರುಪೆ ಬೆಳೆಯುವುದನ್ನು ಜೀವಂತವಾಗಿ ಚಿತ್ರಿಸಿದ ಕೆಲಸ 2021ರಲ್ಲಿ ಬಂತು. ಚಿಟ್ಟೆ ಹೊರಗೆ ಬರುವ ಹೊತ್ತಿಗೆ ಕೋಶ ಸತ್ತಿರುತ್ತದೆ. ಉಳಿಯುವುದು ಟೊಳ್ಳು ಕೈಟಿನ್ ಹಾಳೆ, ಉದ್ದ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ.

ಒಂದು ಕೋಶಕ್ಕೆ ಒಂದು ಹುರುಪೆ. ಅದಕ್ಕೇ ಒಂದು ಹುರುಪೆಗೆ ಒಂದೇ ಬಣ್ಣ. ನೀವು ಸರಿಯಾಗೇ ಗಮನಿಸಿದ್ದೀರಿ.

ಮೇಲ್ಪದರ:

ಬೆನ್ನುಮೂಳೆ ಇರುವ ಪ್ರಾಣಿಗಳ ಕಡೆಯದ್ದು ನಾನು ಹೇಳುತ್ತೇನೆ. ಬಿರುಗೂದಲು ಅವರು ಹೇಳಿದ್ದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಹಲ್ಲಿಯ ಒಂದು ಹುರುಪೆಯಲ್ಲಿ ಇರುವುದು ಒಂದು ಕೋಶ ಅಲ್ಲ, ಸಾವಿರಾರು. ಅದು ಚರ್ಮದಿಂದ ಕಿತ್ತು ಬರುವ ಬಿಡಿ ವಸ್ತುವೂ ಅಲ್ಲ, ಚರ್ಮದ ಮೇಲ್ಪದರವೇ ದಪ್ಪಗಾಗಿ ಮಡಿಚಿಕೊಂಡಿರುವುದು. ಹಾವು ಪೊರೆ ಬಿಟ್ಟಾಗ ಎಲ್ಲಾ ಹುರುಪೆಗಳ ಅಚ್ಚು ಒಂದೇ ಉದ್ದ ಹಾಳೆಯಾಗಿ ಬರುವುದು ಅದಕ್ಕೇ. ವಸ್ತುವೂ ಬೇರೆ. ಕೀಟದ್ದು ಕೈಟಿನ್, ಅಂದರೆ ಸಕ್ಕರೆಯ ಜಾತಿಯ ಉದ್ದ ಸರಪಳಿ, ಕೋಶ ಅದನ್ನು ತನ್ನ ಹೊರಗೆ ಸುರಿಸುತ್ತದೆ. ಕೂದಲು, ಗರಿ, ಉಗುರು, ಹಾವಿನ ಹುರುಪೆಗಳಲ್ಲಿರುವ ಗಡುಸು ವಸ್ತು ಪ್ರೋಟೀನ್, ಕೋಶ ಅದನ್ನು ತನ್ನ ಒಳಗೇ ತುಂಬಿಕೊಂಡು ಸಾಯುತ್ತದೆ. ಕೀಟಕ್ಕೆ ಬೆಳೆಯಬೇಕಾದರೆ ಇಡೀ ಕವಚ ಕಳಚಲೇಬೇಕು, ನಮ್ಮ ಚರ್ಮ ಕೆಳಗಿನಿಂದ ದಿನಾ ಹೊಸದಾಗುತ್ತಲೇ ಇರುತ್ತದೆ.

ಆದರೆ ಹಲ್ಲಿಯ ಹುರುಪೆ, ಹಕ್ಕಿಯ ಗರಿ, ಸಸ್ತನಿಯ ಕೂದಲು ಮಾತ್ರ ನಿಜವಾಗಿ ನೆಂಟರು. ಕೋಳಿಯ ಭ್ರೂಣದಲ್ಲಿ ಗರಿ ಹುಟ್ಟುವ ಮೊದಲು ಆ ಜಾಗದ ಮೇಲ್ಪದರ ಸ್ವಲ್ಪ ದಪ್ಪಗಾಗುತ್ತದೆ, ಇದಕ್ಕೆ ಪ್ಲಾಕೋಡ್ ಅನ್ನುತ್ತಾರೆ. ಇಲಿಯ ಭ್ರೂಣದಲ್ಲಿ ಕೂದಲು ಹುಟ್ಟುವ ಕಡೆಯಲ್ಲೂ ಇಂಥದ್ದೇ ದಪ್ಪ ಚುಕ್ಕೆ. ಹಾವು ಹಲ್ಲಿಗಳಲ್ಲಿ ಇದು ಯಾರಿಗೂ ಕಂಡಿರಲಿಲ್ಲ, ಹಾಗಾಗಿ ಗರಿಯೂ ಕೂದಲೂ ಬೇರೆ ಬೇರೆಯಾಗಿ ಹುಟ್ಟಿಕೊಂಡಿರಬೇಕು ಅನ್ನುವ ವಾದ ಬಹಳ ಕಾಲ ಇತ್ತು. 2016ರಲ್ಲಿ ಜಿನೀವಾದ ಮಿಶೆಲ್ ಮಿಲಿನ್ಕೋವಿಚ್ ಮತ್ತು ನಿಕೊಲಾ ಡಿ-ಪೋಯಿ ಮೊಸಳೆ, ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಓತಿ, ಕಾರ್ನ್ ಸ್ನೇಕ್ ಮೂರರ ಭ್ರೂಣಗಳನ್ನೂ ಹಂತ ಹಂತವಾಗಿ ನೋಡಿ, ಅಲ್ಲೂ ಪ್ಲಾಕೋಡ್ ಇದೆ, ಅದೇ ಜೀನ್‌ಗಳು ಅಲ್ಲೂ ಕೆಲಸ ಮಾಡುತ್ತವೆ ಅಂತ ತೋರಿಸಿದರು. ಅದು ಸ್ವಲ್ಪ ಹೊತ್ತು ಮಾತ್ರ ಕಾಣುವ ಹಂತ, ಸರಿಯಾದ ಗಳಿಗೆಗೆ ನೋಡಬೇಕು ಅಷ್ಟೇ.

ಆ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಭಾಗ. ಬಿಯರ್ಡೆಡ್ ಡ್ರ್ಯಾಗನ್‌ಗಳಲ್ಲಿ ಹುರುಪೆಯೇ ಇಲ್ಲದ, ನುಣುಪು ಚರ್ಮದ ಒಂದು ತಳಿ ಇದೆ. ಅದರಲ್ಲಿ ಕೆಟ್ಟಿರುವುದು ಇಡಿಎ ಅನ್ನುವ ಜೀನ್. ಅದೇ ಜೀನ್ ಮನುಷ್ಯರಲ್ಲಿ ಕೆಟ್ಟರೆ ಕೂದಲು ವಿರಳ, ಹಲ್ಲು ಕಡಿಮೆ, ಬೆವರು ಗ್ರಂಥಿಗಳೂ ಕಡಿಮೆ ಆಗುವ ಕಾಯಿಲೆ ಬರುತ್ತದೆ. ಮೆಡಾಕ ಅನ್ನುವ ಚಿಕ್ಕ ಮೀನಿನಲ್ಲಿ ಈ ಜೀನಿನ ಸಂದೇಶ ಹಿಡಿಯುವ ಪ್ರೋಟೀನ್ ಕೆಟ್ಟರೆ ಹುರುಪೆ ಸರಿಯಾಗಿ ಬರುವುದಿಲ್ಲ. ಮೀನಿನ ಹುರುಪೆ ಹುಟ್ಟುವುದು ಚರ್ಮದ ಒಳಪದರದಲ್ಲಿ, ಅದು ಮೂಳೆಯ ಜಾತಿ, ಹಲ್ಲಿಯದ್ದರ ಹಾಗಲ್ಲ. ಆದರೂ ಸಂದೇಶ ಅದೇ.

ಮೊಸಳೆ ವಿಷಯಕ್ಕೆ ಬಂದರೆ ಇನ್ನೂ ವಿಚಿತ್ರ ಇದೆ. ಮೊಸಳೆಯ ಮೈಮೇಲಿನ ಹುರುಪೆಗಳು ಹೀಗೆ ಪ್ಲಾಕೋಡಿನಿಂದಲೇ ಹುಟ್ಟುತ್ತವೆ, ಆದರೆ ಮುಖ ಮತ್ತು ದವಡೆಯ ಮೇಲೆ ಕಾಣುವ ಅಡ್ಡಾದಿಡ್ಡಿ ತುಂಡುಗಳು ಹಾಗಲ್ಲ. ಅಲ್ಲಿ ಚರ್ಮ ವೇಗವಾಗಿ ಬೆಳೆದು, ಕೆಳಗೆ ಜಾಗ ಸಾಲದೆ ಮಡಿಕೆ ಬಿದ್ದು, ಆ ಮಡಿಕೆಗಳು ಒಂದಕ್ಕೊಂದು ಸೇರಿ ತುಂಡುಗಳಾಗುತ್ತವೆ. 2013ರಲ್ಲಿ ಇದು ಜೀನ್ ಬಿಡಿಬಿಡಿಯಾಗಿ ಬರೆದ ನಕ್ಷೆ ಅಲ್ಲ ಅಂತ ಅದೇ ಪ್ರಯೋಗಾಲಯ ಹೇಳಿತು, 2024ರಲ್ಲಿ ಭ್ರೂಣದ ಚರ್ಮದ ಬೆಳವಣಿಗೆಯ ವೇಗ ಹೆಚ್ಚಿಸಿ ಆ ಮಡಿಕೆಗಳ ವಿನ್ಯಾಸವನ್ನೇ ಬದಲಿಸಿ ತೋರಿಸಿತು. ಎಡಗೆನ್ನೆ ಬಲಗೆನ್ನೆಯ ವಿನ್ಯಾಸ ಒಂದೇ ಥರ ಇರುವುದಿಲ್ಲ, ಮೊಸಳೆಯ ಒಳ್ಳೆ ಫೋಟೋ ಸಿಕ್ಕರೆ ಎರಡೂ ಕಡೆ ಹೋಲಿಸಿ ನೋಡಿ.

ಹಸಿರೆಲೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಂದರೆ ಚಿಟ್ಟೆಯದ್ದು ಮತ್ತು ಹಲ್ಲಿಯದ್ದು ರಚನೆಯಾಗಿ ನೆಂಟರಲ್ಲ, ಸರಿ. ಹಾಗಿದ್ದರೆ ಲೇಖನಗಳಲ್ಲಿ ಎರಡನ್ನೂ ಒಟ್ಟಿಗೆ ತರುವುದು ಯಾಕೆ? ಬಣ್ಣದ ವಿಷಯ ಇನ್ನೂ ಉಳಿದಿದೆ. ಅಷ್ಟು ಸಾವಿರ ಕೋಶಗಳಲ್ಲಿ ನೀನು ಕಪ್ಪು ನೀನು ಕಿತ್ತಳೆ ಅಂತ ಹಂಚುವವರು ಯಾರು?

ಮೇಲ್ಪದರ:

ಒಟ್ಟಿಗೆ ತರುವುದು ಸಮಸ್ಯೆ ಒಂದೇ ಆಗಿರುವುದರಿಂದ. ಒಂದೇ ಥರದ ಕೋಶಗಳ ಹಾಳೆ ಇದೆ, ಅದರಲ್ಲಿ ಇಷ್ಟಿಷ್ಟು ದೂರಕ್ಕೆ ಒಂದೊಂದು ವಿಶೇಷ ಅಂಗ ಹುಟ್ಟಬೇಕು, ಮೇಲಿಂದ ಅಳತೆಪಟ್ಟಿ ಹಿಡಿದು ನಿಂತವರು ಯಾರೂ ಇಲ್ಲ. ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲೇ ಇದಕ್ಕೆ ಗಣಿತದ ಉತ್ತರ ಕೊಟ್ಟಿದ್ದರು. ಎರಡು ರಾಸಾಯನಿಕಗಳು ಒಂದರ ಮೇಲೊಂದು ಪ್ರಭಾವ ಬೀರುತ್ತಾ ಬೇರೆ ಬೇರೆ ವೇಗದಲ್ಲಿ ಹರಡಿದರೆ ಸಾಕು, ಚುಕ್ಕೆಗಳೋ ಪಟ್ಟೆಗಳೋ ತಾವಾಗಿ ಮೂಡಬಲ್ಲವು. ಇಲಿಯ ಕೂದಲು ಇಷ್ಟಿಷ್ಟು ದೂರಕ್ಕೆ ಹುಟ್ಟುವುದರಲ್ಲಿ ಡಬ್ಲ್ಯುಎನ್‌ಟಿ ಅನ್ನುವ ಸಂದೇಶ ಮತ್ತು ಅದನ್ನು ತಡೆಯುವ ಡಿಕೆಕೆ ಸೇರಿ ಇಂಥ ಕೆಲಸ ಮಾಡುತ್ತವೆ ಅಂತ 2006ರಲ್ಲಿ ತೋರಿಸಿದರು. ಕೀಟದಲ್ಲಿ ಪಕ್ಕಪಕ್ಕದ ಕೋಶಗಳು ನಾಚ್ ಅನ್ನುವ ಸಂದೇಶದಿಂದ ಒಂದನ್ನೊಂದು ತಡೆಯುತ್ತವೆ. ಒಂದು ಕೋಶ ಬಿರುಗೂದಲಾಗುವ ದಾರಿ ಹಿಡಿದರೆ ಅದಕ್ಕೆ ಅಂಟಿಕೊಂಡವು ಆ ದಾರಿ ಬಿಡಬೇಕು. ಸಲಕರಣೆ ಬೇರೆ, ಲೆಕ್ಕ ಹತ್ತಿರದ್ದು.

ಬಣ್ಣದಲ್ಲಿ ಮಾತ್ರ ಎರಡೂ ಕಡೆಯ ಪದ್ಧತಿ ಪೂರ್ತಿ ಬೇರೆ. ನಮ್ಮಲ್ಲಿ ಬಣ್ಣದ ಕೋಶಗಳು ಭ್ರೂಣದ ಬೆನ್ನಿನ ನರದ ಹತ್ತಿರದಿಂದ ಹೊರಟು, ಚರ್ಮದವರೆಗೆ ಪ್ರಯಾಣ ಮಾಡಿ, ಅಲ್ಲಿನ ಕೋಶಗಳಿಗೂ ಕೂದಲಿಗೂ ಮೆಲನಿನ್ ಅನ್ನುವ ಬಣ್ಣದ ವಸ್ತು ಹಂಚುತ್ತವೆ. ಬಹಳ ಪ್ರಾಣಿಗಳ ಹೊಟ್ಟೆ ಅಥವಾ ಕಾಲ್ತುದಿಯಲ್ಲಿ ಬಿಳಿ ಮಚ್ಚೆ ಇರುವುದಕ್ಕೆ ಒಂದು ಕಾರಣ, ಆ ಕೋಶಗಳು ಅಲ್ಲಿಯವರೆಗೆ ಸಾಕಷ್ಟು ತಲುಪದೇ ಇರುವುದು. ಚಿಟ್ಟೆಯಲ್ಲಿ ಪ್ರಯಾಣವೇ ಇಲ್ಲ. ಹುರುಪೆಯ ಕೋಶ ಕೂತಲ್ಲೇ ಕೂತು ತನ್ನ ಬಣ್ಣ ತಾನೇ ತಯಾರಿಸಿಕೊಳ್ಳುತ್ತದೆ.

ನೀಲಿರೆಕ್ಕೆ:

ಹಂಚುವವರು ಯಾರು ಅನ್ನುವ ಪ್ರಶ್ನೆಗೆ 1980ರ ಒಂದು ಪ್ರಯೋಗದಿಂದ ಶುರು ಮಾಡೋಣ, ಇದು ಗೊತ್ತಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ.

ಬಕೈ ಅನ್ನುವ ಚಿಟ್ಟೆಯ ರೆಕ್ಕೆಯಲ್ಲಿ ದೊಡ್ಡ ಕಣ್ಚುಕ್ಕೆಗಳಿವೆ. ಫ್ರೆಡ್ ನೈಹೌಟ್ ಅನ್ನುವ ವಿಜ್ಞಾನಿ ಆಗಷ್ಟೇ ಆದ ಪ್ಯೂಪಾದಲ್ಲಿ, ಕಣ್ಚುಕ್ಕೆಯ ನಡುಮಧ್ಯ ಬರಬೇಕಾದ ಜಾಗದ ಕೆಲವೇ ಕೋಶಗಳನ್ನು ಕಾದ ಸೂಜಿಯಿಂದ ಸುಟ್ಟರು. ಚಿಟ್ಟೆ ಹೊರಗೆ ಬಂದಾಗ ಆ ಕಣ್ಚುಕ್ಕೆ ಚಿಕ್ಕದಾಗಿತ್ತು ಇಲ್ಲವೇ ಇರಲೇ ಇಲ್ಲ. ಅದೇ ಕೋಶಗಳನ್ನು ತೆಗೆದು ರೆಕ್ಕೆಯ ಇನ್ನೊಂದು ಕಡೆ ಇಟ್ಟರೆ, ಎಂದೂ ಕಣ್ಚುಕ್ಕೆ ಇರದ ಜಾಗದಲ್ಲಿ ಹೊಸ ಕಣ್ಚುಕ್ಕೆ ಮೂಡಿತು. ಅಂದರೆ ನಡುವಿನ ಕೋಶಗಳು ಸುತ್ತಲಿನವಕ್ಕೆ ಏನೋ ಸಂದೇಶ ಕಳಿಸುತ್ತವೆ, ಎಷ್ಟು ದೂರದಲ್ಲಿದ್ದೇನೆ ಅನ್ನುವುದರ ಮೇಲೆ ಒಂದೊಂದು ಕೋಶ ಒಂದೊಂದು ಬಣ್ಣ ಹಿಡಿಯುತ್ತದೆ. ಉಂಗುರಗಳು ಬರುವುದು ಹಾಗೆ.

1994ರಲ್ಲಿ ಶಾನ್ ಕ್ಯಾರೊಲ್ ಮತ್ತು ಅವರ ಜೊತೆಯವರು ಆ ನಡುವಿನ ಕೋಶಗಳಲ್ಲಿ ಡಿಸ್ಟಲ್-ಲೆಸ್ ಅನ್ನುವ ಜೀನ್ ಕೆಲಸ ಮಾಡುವುದನ್ನು ಕಂಡರು. ಕೀಟದ ಕಾಲಿನ ತುದಿಭಾಗ ಬೆಳೆಯಲು ಬೇಕಾದ ಹಳೇ ಜೀನ್ ಅದು. ಮರಿಹುಳದ ಮೈಯೊಳಗೆ ರೆಕ್ಕೆಯಾಗಬೇಕಾದ ಚಿಕ್ಕ ತಟ್ಟೆಯಂಥ ಭಾಗಗಳಿರುತ್ತವೆ. ಆ ತಟ್ಟೆಯ ಮೇಲೆ, ಮುಂದೆ ಕಣ್ಚುಕ್ಕೆ ಬರುವ ಕಡೆಯಲ್ಲಿ ಮಾತ್ರ, ಆ ಜೀನಿನ ಚುಕ್ಕೆಗಳು ಮೊದಲೇ ಕಾಣುತ್ತವೆ. ಮರಿಹುಳು ಇನ್ನೂ ಎಲೆ ತಿನ್ನುವ ಕಾಲದಲ್ಲೇ ರೆಕ್ಕೆಯ ನಕ್ಷೆಗೆ ಗುರುತು ಹಾಕುವುದು ಶುರುವಾಗಿರುತ್ತದೆ!

ಆಮೇಲೆ ಆಪ್ಟಿಕ್ಸ್ ಅನ್ನುವ ಜೀನ್. ಹೆಲಿಕೋನಿಯಸ್ ಚಿಟ್ಟೆಗಳ ಕೆಂಪು ಪಟ್ಟೆಗಳ ಹಿಂದೆ ಇರುವುದು ಇದು ಅಂತ 2011ರಲ್ಲಿ ಗೊತ್ತಾಯಿತು. 2017ರಲ್ಲಿ ಜೀನ್ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಇದನ್ನು ಕೆಡಿಸಿ ನೋಡಿದರು. ಕೆಂಪು, ಕಿತ್ತಳೆ ಇದ್ದ ಕಡೆ ಕಪ್ಪು, ಬೂದು ಬಂತು. ಅಷ್ಟೇ ಆಗಿದ್ದರೆ ಆಶ್ಚರ್ಯ ಇರಲಿಲ್ಲ. ಬಕೈ ಚಿಟ್ಟೆಯಲ್ಲಿ ಹೊಳೆಯುವ ನೀಲಿ ಬಂತು! ಒಂದೇ ಜೀನ್ ಬಣ್ಣದ ರಾಸಾಯನಿಕವನ್ನೂ ಹುರುಪೆಯ ಒಳರಚನೆಯನ್ನೂ ಒಟ್ಟಿಗೆ ಹಿಡಿದುಕೊಂಡಿದೆ ಅಂತಾಯಿತು.

ನೀಲಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಸಮಾಧಾನ ಆಗುವುದಿಲ್ಲ. ಹಳದಿ, ಕಪ್ಪು, ಕೆಂಪು ಬಹುತೇಕ ವರ್ಣದ್ರವ್ಯಗಳಿಂದ ಬರುತ್ತವೆ. ಮಾರ್ಫೋ ಚಿಟ್ಟೆಯ ಹೊಳೆಯುವ ನೀಲಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಬಿರುಗೂದಲು ಅವರು ಹೇಳಿದ ಏಣುಗಳು ಅಲ್ಲಿ ಪದರ ಪದರವಾಗಿವೆ, ಪದರಗಳಿಂದ ಮರಳುವ ಬೆಳಕಿನಲ್ಲಿ ನೀಲಿ ಮಾತ್ರ ಬಲಗೊಳ್ಳುತ್ತದೆ. ಅದರ ಮೇಲೆ ಒಂದು ಹನಿ ಆಲ್ಕೋಹಾಲ್ ಬಿಟ್ಟರೆ ಪದರಗಳ ನಡುವಿನ ಗಾಳಿಯ ಜಾಗಕ್ಕೆ ದ್ರವ ಹೊಕ್ಕು ನೀಲಿ ಹೋಗಿ ಹಸಿರು ಕಾಣುತ್ತದೆ. ಆರಿದ ಮೇಲೆ ಮತ್ತೆ ನೀಲಿ. ವರ್ಣದ್ರವ್ಯವಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ಓದುಗ2:

ಚಿಟ್ಟೆಯ ರೆಕ್ಕೆ ಮುಟ್ಟಿದರೆ ಪುಡಿ ಹೋಗಿ ಅದು ಸಾಯುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಹುರುಪೆ ಸತ್ತ ಕೋಶ ಅಂದಮೇಲೆ ಅದು ಹೋದರೆ ಏನು ನಷ್ಟ?

ಬಿರುಗೂದಲು:

ಸಾಯುವುದಿಲ್ಲ. ಸ್ವಲ್ಪ ಹುರುಪೆ ಹೋದರೂ ಹಾರುತ್ತದೆ, ವಯಸ್ಸಾದ ಚಿಟ್ಟೆಗಳ ರೆಕ್ಕೆ ಮಾಸಿ ಹರಿದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಆದರೆ ಹೋದದ್ದು ಮತ್ತೆ ಬೆಳೆಯುವುದಿಲ್ಲ, ಅದು ನಿಜ. ಬೆರಳಿನಿಂದ ಹಿಡಿಯುವಾಗ ನಿಜವಾದ ಅಪಾಯ ರೆಕ್ಕೆ ಮುರಿಯುವುದು, ಎದೆಭಾಗ ನಜ್ಜಾಗುವುದು.

ನಷ್ಟ ಇಲ್ಲ ಅಂತ ಮಾತ್ರ ಅನ್ನಬೇಡಿ. ಹುರುಪೆ ಸುಲಭವಾಗಿ ಉದುರುವುದೇ ಒಂದು ಲಾಭ. ಪತಂಗ ಜೇಡರ ಬಲೆಗೆ ಬಿದ್ದಾಗ ಅಂಟಿಗೆ ಹುರುಪೆ ಅಂಟಿಕೊಳ್ಳುತ್ತದೆ, ಪತಂಗ ಜಾರಿ ಹೋಗುತ್ತದೆ. 1964ರಲ್ಲಿ ಥಾಮಸ್ ಐಸ್ನರ್ ಮತ್ತು ಜೊತೆಯವರು ಇದನ್ನು ವಿವರಿಸಿದ್ದರು. ಹುರುಪೆಗಳಿಂದ ನೀರು ನಿಲ್ಲದೆ ಜಾರುತ್ತದೆ. ಕೆಲವು ಗಂಡು ಚಿಟ್ಟೆಗಳಲ್ಲಿ ವಾಸನೆ ಸೂಸುವ ವಿಶೇಷ ಹುರುಪೆಗಳಿವೆ, ಹೆಣ್ಣನ್ನು ಒಲಿಸುವಾಗ ಕೆಲಸಕ್ಕೆ ಬರುತ್ತವೆ. ಕೆಲವು ಪತಂಗಗಳ ಹುರುಪೆ ಬಾವಲಿಯ ಶಬ್ದದ ಅಲೆಯನ್ನು ಹೀರಿಕೊಂಡು ಪ್ರತಿಧ್ವನಿ ತಗ್ಗಿಸುತ್ತದೆ.

ಇನ್ನೊಂದು ಮಾತು. ಹುರುಪೆ ಸತ್ತಿದ್ದರೂ ರೆಕ್ಕೆ ಸತ್ತಿಲ್ಲ. ರೆಕ್ಕೆಯ ನಾಳಗಳಲ್ಲಿ ಕೀಟದ ರಕ್ತ ಹರಿಯುತ್ತದೆ, ನರಕೋಶಗಳಿವೆ. 2020ರಲ್ಲಿ ನ್ಯಾನ್‌ಫಾಂಗ್ ಯು ಮತ್ತು ನವೋಮಿ ಪಿಯರ್ಸ್ ಅವರ ತಂಡ ತೋರಿಸಿದ್ದು ಏನೆಂದರೆ, ರೆಕ್ಕೆಯ ಜೀವಂತ ಭಾಗಗಳ ಮೇಲಿನ ಹುರುಪೆಗಳ ರಚನೆ ಬೇರೆಯೇ ಇದೆ, ಅವು ಶಾಖವನ್ನು ಜಾಸ್ತಿ ಹೊರಸೂಸಿ ಆ ಭಾಗಗಳನ್ನು ತಂಪಾಗಿಡುತ್ತವೆ. ರೆಕ್ಕೆಗೆ ಬಿಸಿ ಜಾಸ್ತಿಯಾದರೆ ಚಿಟ್ಟೆಗೆ ಗೊತ್ತಾಗುತ್ತದೆ, ತಿರುಗಿ ಕೂರುತ್ತದೆ.

ಋತುಚಕ್ರ:

ಹಸಿರೆಲೆ ಅವರೇ, ನಿಮ್ಮ ಕೊನೆ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಹೊರಗೆ ಚಿಟ್ಟೆ ನೋಡುವವನಾಗಿ ನಾನು ಹೇಳುತ್ತೇನೆ. ಚರ್ಮದ ಕಥೆ ಬೇಕೇ ಬೇಕು. ಎರಡನ್ನೂ ಬೇರೆ ಮಾಡಿದರೆ ಎರಡೂ ಅರ್ಧ ಆಗುತ್ತವೆ.

ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಯುರೋಪಿನ ಎರಡು ಚಿಟ್ಟೆಗಳಿಗೆ ಎರಡು ಹೆಸರಿಟ್ಟರು, ಒಂದು ಲೆವಾನಾ, ಇನ್ನೊಂದು ಪ್ರೋರ್ಸಾ. ಒಂದು ಕಿತ್ತಳೆ ಬಣ್ಣದ್ದು, ಇನ್ನೊಂದು ಕಪ್ಪು, ಬಿಳಿ ಪಟ್ಟೆಯದ್ದು. ನೋಡಿದ ಯಾರೂ ಒಂದೇ ಜಾತಿ ಅನ್ನುವುದಿಲ್ಲ. ಆದರೆ ಅವು ಒಂದೇ ಜಾತಿಯ ವಸಂತದ ರೂಪ ಮತ್ತು ಬೇಸಿಗೆಯ ರೂಪ. ಮರಿಹುಳು ಬೆಳೆಯುವಾಗ ಹಗಲು ಉದ್ದ ಇದ್ದರೆ ಪ್ಯೂಪಾ ತಡಮಾಡದೆ ಬೆಳೆದು ಕಪ್ಪು ಚಿಟ್ಟೆ ಬರುತ್ತದೆ. ಹಗಲು ಚಿಕ್ಕದಿದ್ದರೆ ಪ್ಯೂಪಾ ಚಳಿಗಾಲವೆಲ್ಲ ಮಲಗಿದ್ದು ಕಿತ್ತಳೆ ಚಿಟ್ಟೆಯಾಗುತ್ತದೆ. ನಡುವೆ ಸುದ್ದಿ ಮುಟ್ಟಿಸುವುದು ಎಕ್ಡೈಸೋನ್, ಕೀಟ ಪೊರೆ ಕಳಚುವುದನ್ನು ನಡೆಸುವ ಹಾರ್ಮೋನ್. ಮಲಗಬೇಕಾದ ಪ್ಯೂಪಾಗೆ ಮೊದಲ ದಿನಗಳಲ್ಲೇ ಆ ಹಾರ್ಮೋನ್ ಚುಚ್ಚಿದರೆ ಬೇಸಿಗೆಯ ರೂಪ ಬರುತ್ತದೆ.

ಆಫ್ರಿಕಾದ ಬೈಸಿಕ್ಲಸ್ ಅನಿನಾನ ಚಿಟ್ಟೆಯಲ್ಲಿ ಇದನ್ನು ಇನ್ನೂ ಆಳವಾಗಿ ನೋಡಿದ್ದಾರೆ. ಮಳೆಗಾಲದ ಚಿಟ್ಟೆಗೆ ರೆಕ್ಕೆಯ ಅಂಚಿನಲ್ಲಿ ದೊಡ್ಡ ಕಣ್ಚುಕ್ಕೆ, ಒಣಗಾಲದ್ದಕ್ಕೆ ಚಿಕ್ಕ ಚುಕ್ಕೆ ಮತ್ತು ತರಗೆಲೆಯ ಬಣ್ಣ. ಪ್ರಯೋಗಾಲಯದಲ್ಲಿ ಮರಿಹುಳುಗಳನ್ನು 27 ಡಿಗ್ರಿಯಲ್ಲಿ ಬೆಳೆಸಿದರೆ ಮಳೆಗಾಲದ ರೂಪ, 17 ಡಿಗ್ರಿಯಲ್ಲಿ ಬೆಳೆಸಿದರೆ ಒಣಗಾಲದ ರೂಪ. ಮರಿಹುಳು ತಿನ್ನುವುದು ಬಿಟ್ಟು ಪ್ಯೂಪಾ ಆಗಲು ಜಾಗ ಹುಡುಕುವ ಹೊತ್ತಿನಲ್ಲಿ ಮೈಯಲ್ಲಿ ಎಷ್ಟು ಎಕ್ಡೈಸೋನ್ ಇದೆ ಅನ್ನುವುದರ ಮೇಲೆ ಕಣ್ಚುಕ್ಕೆಯ ನಡುವಿನ ಕೋಶಗಳ ಕೆಲಸ ಏರುಪೇರಾಗುತ್ತದೆ. ಮಳೆ, ಬಿಸಿಲು, ಹಾರ್ಮೋನ್, ನೀಲಿರೆಕ್ಕೆ ಅವರು ಹೇಳಿದ ಆ ಕೆಲವೇ ಕೋಶಗಳು, ಆಮೇಲೆ ಹುರುಪೆಯ ಬಣ್ಣ, ಕೊನೆಗೆ ಚಿಟ್ಟೆಯನ್ನು ಹುಡುಕುವ ಪ್ರಾಣಿಯ ಕಣ್ಣು, ಎಲ್ಲ ಒಂದೇ ದಾರಿಯಲ್ಲಿವೆ. ನೀವು ಹೊರಗೆ ಚಿಟ್ಟೆ ಎಣಿಸುವಾಗ ಕಾಣುವುದು ಈ ದಾರಿಯ ಕೊನೆ ಮಾತ್ರ.

ಕೋಲಿಯಸ್ ಅನ್ನುವ ಹಳದಿ ಚಿಟ್ಟೆಗಳಲ್ಲೂ ಹೀಗೇ. ತಂಪು ಕಾಲದಲ್ಲಿ ಬೆಳೆದವುಗಳ ಹಿಂರೆಕ್ಕೆಯ ಕೆಳಭಾಗದಲ್ಲಿ ಕಪ್ಪು ಹುರುಪೆ ಜಾಸ್ತಿ. ಅವು ರೆಕ್ಕೆ ಮಡಿಚಿ ಬಿಸಿಲಿಗೆ ಪಕ್ಕೆ ಕೊಟ್ಟು ಕೂರುತ್ತವೆ, ಕಪ್ಪು ಜಾಸ್ತಿ ಇದ್ದರೆ ಬೇಗ ಮೈ ಕಾಯುತ್ತದೆ, ಬೇಗ ಹಾರಬಹುದು. ವಾರ್ಡ್ ವಾಟ್ 1968ರಲ್ಲೇ ಇದನ್ನು ಅಳೆದು ತೋರಿಸಿದ್ದರು.

ಓದುಗ2:

ಕಣ್ಚುಕ್ಕೆ ಹಕ್ಕಿಗಳನ್ನು ಹೆದರಿಸಲು ಅಂತಾರೆ. ಹಾಗಿದ್ದರೆ ಒಣಗಾಲದಲ್ಲಿ ಯಾಕೆ ಚಿಕ್ಕದು? ಹಕ್ಕಿ ಆಗಲೂ ಇರುತ್ತದಲ್ಲ.

ಋತುಚಕ್ರ:

ಒಳ್ಳೆ ಪ್ರಶ್ನೆ. ಎಲ್ಲಾ ಕಣ್ಚುಕ್ಕೆಗೂ ಒಂದೇ ಕೆಲಸ ಅಲ್ಲ, ಇದನ್ನು ಬೆರೆಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಯುರೋಪಿನ ಪೀಕಾಕ್ ಚಿಟ್ಟೆಯ ಮೇಲೆ 2005ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ನೀಲಿ ಟಿಟ್ ಹಕ್ಕಿಗಳ ಎದುರು ಚಿಟ್ಟೆ ಬಿಟ್ಟರು. ಕಣ್ಚುಕ್ಕೆ ಹಾಗೇ ಇದ್ದ 34 ಚಿಟ್ಟೆಗಳಲ್ಲಿ ಸತ್ತದ್ದು 1. ಕಣ್ಚುಕ್ಕೆಗೆ ಬಣ್ಣ ಬಳಿದು ಮುಚ್ಚಿದ್ದ 20ರಲ್ಲಿ 13 ಸತ್ತವು. ಇದು ನಿಜವಾಗಿ ಹೆದರಿಸುವ ಕೆಲಸ. ಚುಕ್ಕೆ ದೊಡ್ಡದು, ಮುಚ್ಚಿಟ್ಟು ಥಟ್ಟನೆ ತೆರೆದು ತೋರಿಸುವಂಥದ್ದು.

ಬೈಸಿಕ್ಲಸ್‌ನ ಚುಕ್ಕೆಗಳು ರೆಕ್ಕೆಯ ಅಂಚಿನಲ್ಲಿವೆ, ಕೂತಾಗಲೂ ಕಾಣುತ್ತವೆ. ಅವು ಹೆದರಿಸುವುದಿಲ್ಲ, ಏಟನ್ನು ಅಂಚಿಗೆ ಸೆಳೆಯುತ್ತವೆ. ಮಳೆಗಾಲದಲ್ಲಿ ಕಾಟ ಕೊಡುವವರಲ್ಲಿ ಪ್ರಾರ್ಥನಾ ಕೀಟದಂಥವು ಮುಖ್ಯ. ದೊಡ್ಡ ಚುಕ್ಕೆ ಇದ್ದಾಗ ಅವು ತಲೆಯ ಬದಲು ರೆಕ್ಕೆಯಂಚಿಗೆ ಹೊಡೆಯುತ್ತವೆ, ಚಿಟ್ಟೆ ಚೂರು ರೆಕ್ಕೆ ಬಿಟ್ಟು ಪಾರಾಗುತ್ತದೆ. ಒಣಗಾಲದಲ್ಲಿ ಹಕ್ಕಿಗಳ ಕಾಟ ಜಾಸ್ತಿ, ಚಿಟ್ಟೆಯೂ ತರಗೆಲೆಗಳ ನಡುವೆ ಅಲುಗಾಡದೆ ಕೂರುತ್ತದೆ. ಆಗ ಕಣ್ಣಿಗೆ ಬೀಳದಿರುವುದೇ ಲೇಸು, ಎದ್ದು ಕಾಣುವ ಚುಕ್ಕೆ ಹಕ್ಕಿಗೆ ವಿಳಾಸ ಕೊಟ್ಟ ಹಾಗಾಗುತ್ತದೆ.

ಹಸಿರೆಲೆ:

ಇದನ್ನೆಲ್ಲ ಓದಿದ ಮೇಲೆ ಪ್ರಾಜೆಕ್ಟನ್ನೇ ಸ್ವಲ್ಪ ತಿರುಗಿಸುವ ಆಸೆ ಬಂದಿದೆ. ಒಂದೇ ಜಾತಿಯ ಚಿಟ್ಟೆಯ ಕಣ್ಚುಕ್ಕೆ ವರ್ಷವಿಡೀ ಹೇಗೆ ಬದಲಾಗುತ್ತದೆ ಅಂತ ಅಳೆಯಬಹುದಾ? ಜೀನ್ ನೋಡುವ ಸೌಲಭ್ಯ ಇಲ್ಲ. ಮೈಕ್ರೋಸ್ಕೋಪ್, ಕ್ಯಾಮೆರಾ ಇವೆ.

ಋತುಚಕ್ರ:

ಖಂಡಿತ ಮಾಡಬಹುದು. ಕ್ಯಾಮೆರಾ ಸಾಕು. ರೆಕ್ಕೆ ಮಡಿಚಿ ಕೂತಾಗ ಸರಿಯಾಗಿ ಪಕ್ಕದಿಂದ ತೆಗೆಯಿರಿ, ಓರೆಯಾದರೆ ಅಳತೆ ಕೆಡುತ್ತದೆ. ಕಣ್ಚುಕ್ಕೆಯ ವ್ಯಾಸವನ್ನು ಹಾಗೇ ಬಳಸಬೇಡಿ, ರೆಕ್ಕೆಯ ಉದ್ದದಿಂದ ಭಾಗಿಸಿ, ಯಾಕೆಂದರೆ ಮೇವು ಸಾಲದೆ ಬೆಳೆದ ಚಿಟ್ಟೆಯ ಗಾತ್ರವೇ ಚಿಕ್ಕದಿರುತ್ತದೆ. ದಿನದ ಉಷ್ಣಾಂಶ ಬರೆಯುವಾಗ ಫೋಟೋ ತೆಗೆದ ದಿನದ್ದಷ್ಟೇ ಬರೆದರೆ ಪ್ರಯೋಜನ ಕಡಿಮೆ. ತೀರ್ಮಾನ ಆಗಿರುವುದು ಅದು ಮರಿಹುಳು ಇದ್ದಾಗ, ಹಾಗಾಗಿ ಹಿಂದಿನ ವಾರಗಳ ಉಷ್ಣಾಂಶವೂ ಬೇಕು. ಸಾಧ್ಯವಾದರೆ ಒಂದಷ್ಟು ಮರಿಹುಳುಗಳನ್ನು ಸಾಕಿ, ಆಗ ಯಾವ ದಿನ ಪ್ಯೂಪಾ ಆಯಿತು ಅನ್ನುವುದು ಖಚಿತವಾಗಿ ಸಿಗುತ್ತದೆ.

ಬಿರುಗೂದಲು:

ಹುರುಪೆ ನೋಡಲು ಸತ್ತು ಬಿದ್ದವನ್ನೇ ಬಳಸಿ. ಪಾರದರ್ಶಕ ಅಂಟುಪಟ್ಟಿಯನ್ನು ರೆಕ್ಕೆಯ ಮೇಲೆ ಮೆಲ್ಲಗೆ ಒತ್ತಿ ತೆಗೆದು ಗಾಜಿನ ಮೇಲೆ ಅಂಟಿಸಿದರೆ ಸಾಲು ಹಾಗೇ ಉಳಿಯುತ್ತದೆ. 40 ಪಟ್ಟಿನಲ್ಲಿ ಸಾಲುಗಳು, 400 ಪಟ್ಟಿನಲ್ಲಿ ಏಣುಗಳ ಗೆರೆ. ಮೊದಲು ಕೆಳಗಿನಿಂದ ಬೆಳಕು ಬಿಟ್ಟು ನೋಡಿ, ಆಮೇಲೆ ಆ ಬೆಳಕು ಆರಿಸಿ ಮೇಲಿನಿಂದ ಬಿಡಿ. ವರ್ಣದ್ರವ್ಯದ ಬಣ್ಣ ಎರಡರಲ್ಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ರಚನೆಯಿಂದ ಬಂದ ನೀಲಿ ಕೆಳಗಿನ ಬೆಳಕಿನಲ್ಲಿ ಮಾಯವಾಗಿ ಕಂದು ಕಾಣಬಹುದು. ಹುರುಪೆ ಕಿತ್ತು ಬಂದ ಖಾಲಿ ಜಾಗವನ್ನೂ ನೋಡುವುದು ಮರೆಯಬೇಡಿ, ಗುಳಿಗಳ ಸಾಲು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನೀಲಿರೆಕ್ಕೆ:

ಮರಿಹುಳು ಸಾಕಿದರೆ ಪ್ಯೂಪಾದ ಕೊನೇ ದಿನಗಳಲ್ಲಿ ದಿನಕ್ಕೆ ಎರಡು ಮೂರು ಸಲ ಫೋಟೋ ತೆಗೆಯಿರಿ. ಹೊರಗಿನ ಪೊರೆ ತೆಳುವಾಗಿ ರೆಕ್ಕೆಯ ಬಣ್ಣ ಒಳಗಿಂದಲೇ ಕಾಣುತ್ತದೆ. ಬಹಳ ಚಿಟ್ಟೆಗಳಲ್ಲಿ ಹಳದಿ, ಕೆಂಪು ಮೊದಲು ತುಂಬುತ್ತವೆ, ಕಪ್ಪು ಕೊನೆಗೆ. ಯಾವ ಬಣ್ಣ ಯಾವ ಹೊತ್ತಿಗೆ ಬಂತು ಅಂತ ಗಂಟೆ ಸಮೇತ ಬರೆದಿಡಿ, ಫೋಟೋಗಳನ್ನು ಇಲ್ಲೇ ಹಾಕಿ, ನೋಡೋಣ.